ಚಳಿಗಾಲದ ಕೇದಾರಕಂಠಕ್ಕೆ ಚೀಲ ಕಟ್ಟುವ ಬಗೆ: ಹೊರೆ ಹಗುರ, ಮೈ ಬೆಚ್ಚಗೆ

ಮೊದಲ ಸಲ ಹಿಮ ತುಳಿಯಬೇಕೆಂದು ನಮ್ಮ ಕಡೆಯಿಂದ ಹೊರಡುವ ಅನೇಕರು ಆರಿಸಿಕೊಳ್ಳುವುದು ಕೇದಾರಕಂಠವನ್ನು. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಎಂಬ ಹಳ್ಳಿಯಿಂದ ನಡಿಗೆ ಶುರು. ಡೆಹ್ರಾಡೂನ್ ಬಿಟ್ಟು ಮಸ್ಸೂರಿ, ಪುರೋಲಾ, ಮೋರಿ ಹಾದು ಅಲ್ಲಿಗೆ ತಲುಪಲು ಇಡೀ ಹಗಲು ಬೇಕು. ಸಾಂಕ್ರಿ ಸುಮಾರು 6,400 ಅಡಿ ಎತ್ತರದಲ್ಲಿದೆ, ಶಿಖರ ಸುಮಾರು 12,500 ಅಡಿ. ಜೂಡಾ ಕಾ ತಾಲಾಬ್ ಎಂಬ ಪುಟ್ಟ ಕೆರೆಯ ಬಳಿ ಒಂದು ರಾತ್ರಿ, ಬೇಸ್ ಕ್ಯಾಂಪಿನಲ್ಲಿ ಒಂದು ರಾತ್ರಿ, ಇಳಿಯುವ ದಾರಿಯಲ್ಲಿ ಇನ್ನೊಂದು. ಡಿಸೆಂಬರ್ ಕೊನೆಯಿಂದ ಜನವರಿಯುದ್ದಕ್ಕೂ ಬೇಸ್ ಕ್ಯಾಂಪಿನ ರಾತ್ರಿ ಮೈನಸ್ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ.

ಬೆಂಗಳೂರಿನಲ್ಲಿ 15 ಡಿಗ್ರಿಗೇ ಸ್ವೆಟರು, ಮಂಕಿ ಕ್ಯಾಪು ಹೊರಬರುತ್ತವೆ. ಹೀಗಿರುವಾಗ ಮೈನಸ್ 10 ಎಂದು ಕೇಳಿದ ಕೂಡಲೇ ಮನೆಯಲ್ಲಿರುವ ಉಣ್ಣೆಯೆಲ್ಲ ಚೀಲ ಸೇರುವುದು ಸಹಜ. ಮೇಲಿಂದ ಅಮ್ಮ ಇನ್ನೊಂದು ಶಾಲು ತುರುಕಿರುತ್ತಾರೆ. ಹದಿನಾಲ್ಕು ಕೆ.ಜಿ. ಹೊತ್ತು ಏರು ಹತ್ತುವಾಗ ಮೈ ಬೆವರಿ ತೊಯ್ಯುತ್ತದೆ. ಆ ಒದ್ದೆ ಬಟ್ಟೆಯಲ್ಲೇ ಕ್ಯಾಂಪಿಗೆ ಬಂದು ನಿಂತ ಹತ್ತೇ ನಿಮಿಷಕ್ಕೆ ಹಲ್ಲು ಕಟಕಟ ಎನ್ನುತ್ತದೆ. ಚೀಲದಲ್ಲಿ ಆರು ಸ್ವೆಟರ್ ಇದ್ದರೂ ಅಷ್ಟೆ. ಹಿಮದಲ್ಲಿ ನಡೆಯುತ್ತಿರುವವರನ್ನು ಚಳಿ ಅಷ್ಟಾಗಿ ಕಾಡುವುದಿಲ್ಲ, ನಿಂತವರನ್ನು ಹಿಡಿಯುತ್ತದೆ. ಚೀಲಕ್ಕೆ ಏನು ಹಾಕಬೇಕು, ಏನು ಬಿಡಬೇಕು ಎನ್ನುವುದನ್ನು ಈ ಒಂದು ಸಂಗತಿಯ ಮೇಲೆ ನಿರ್ಧರಿಸಬಹುದು. ಮುಂದಿನದೆಲ್ಲ ಅದರ ವಿವರ.

ಮೊದಲು ತಕ್ಕಡಿ

ಹೊರಡುವುದಕ್ಕೆ ಎರಡು ವಾರ ಮುಂಚೆ ಒಯ್ಯಬೇಕೆಂದಿರುವುದನ್ನೆಲ್ಲ ನೆಲದ ಮೇಲೆ ಹರಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಚೀಟಿಯಲ್ಲಿ ಬರೆದುಕೊಳ್ಳಿ. ಕೈಯಲ್ಲಿ ಹಿಡಿದು ಅಂದಾಜು ಮಾಡಿದರೆ ಸಾಲದು. ಒಂದು ಜೀನ್ಸ್ ಪ್ಯಾಂಟು 600–700 ಗ್ರಾಂ ತೂಗುತ್ತದೆ. ಚಾರಣಕ್ಕೆಂದೇ ಹೊಲಿದ ತೆಳು ಪ್ಯಾಂಟು 300 ಗ್ರಾಮಿನ ಸುತ್ತಮುತ್ತ. ಕಾಟನ್ ಹೂಡಿಯ ತೂಕದಲ್ಲಿ ಒಂದು ಫ್ಲೀಸ್ (ಪಾಲಿಯೆಸ್ಟರಿನ ಮೆತ್ತನೆಯ ಬೆಚ್ಚನೆ ಮೇಲಂಗಿ) ಜೊತೆಗೆ ಒಂದು ತೆಳು ಟೀಶರ್ಟ್ ಬರುತ್ತದೆ. ಹಳೇ ರಕ್‌ಸ್ಯಾಕುಗಳು ಖಾಲಿಯಿದ್ದಾಗಲೇ ಎರಡು ಕೆ.ಜಿ. ದಾಟಿರುವುದುಂಟು.

ನನ್ನ ಲೆಕ್ಕ ಹೀಗಿದೆ: ಟೆಂಟು, ಸ್ಲೀಪಿಂಗ್ ಬ್ಯಾಗು, ಊಟ ಎಲ್ಲವನ್ನೂ ಕರೆದೊಯ್ಯುವವರೇ ನೋಡಿಕೊಳ್ಳುವ ಚಾರಣವಾದರೆ ನಿಮ್ಮ ಬೆನ್ನ ಮೇಲಿನ ಹೊರೆ ನೀರೂ ಸೇರಿ 8–9 ಕೆ.ಜಿ. ದಾಟಕೂಡದು. ಇದಕ್ಕೆ 40–45 ಲೀಟರಿನ ಚೀಲ ಸಾಕು. ಅರವತ್ತು ಲೀಟರಿನದನ್ನು ಬಾಡಿಗೆಗೆ ತಂದರೆ ಅದು ತುಂಬುವವರೆಗೂ ಕೈ ಸುಮ್ಮನಿರುವುದಿಲ್ಲ. ಹೇಸರಗತ್ತೆಯ ಮೇಲೆ ದೊಡ್ಡ ಚೀಲ ಕಳಿಸುವವರೂ ತೂಕ ತಗ್ಗಿಸಲೇಬೇಕು. ಹಿಮ ಜಾಸ್ತಿ ಬಿದ್ದು ಪ್ರಾಣಿಗಳು ಮೇಲೆ ಬರಲಾಗದ ದಿನ ಆ ಚೀಲ ನಿಮ್ಮ ಬೆನ್ನಿಗೇ ಬರುತ್ತದೆ.

ಬಟ್ಟೆಯನ್ನು ಮೂರು ಗುಂಪು ಮಾಡಿ

ತೂಗಿದ್ದಾಯಿತು. ಈಗ ಬಟ್ಟೆಗಳನ್ನು ಶರ್ಟು, ಪ್ಯಾಂಟು ಎಂದು ವಿಂಗಡಿಸುವ ಬದಲು ನಡೆಯುವಾಗಿನವು, ನಿಂತಾಗಿನವು, ಮಲಗುವಾಗಿನವು ಎಂದು ಮೂರು ಗುಡ್ಡೆ ಹಾಕಿ. ಯಾವ ಗುಡ್ಡೆಗೂ ಸೇರದ ಬಟ್ಟೆ ಬೀರುವಿಗೆ ವಾಪಸ್.

ನಡೆಯುವಾಗ ತೊಡುವುದು ತೆಳುವಾಗಿರಬೇಕು, ಬೇಗ ಒಣಗಬೇಕು. ಪಾಲಿಯೆಸ್ಟರಿನ ತುಂಬುತೋಳಿನ ಟೀಶರ್ಟ್ ಎರಡು, ಚಾರಣದ ಪ್ಯಾಂಟು ಎರಡು. ಕಾಟನ್ ಬೇಡವೇ ಬೇಡ. ನಮ್ಮ ಸೆಕೆಗೆ ಹತ್ತಿಯಷ್ಟು ಹಿತವಾದ ಬಟ್ಟೆ ಇನ್ನೊಂದಿಲ್ಲ, ಏಕೆಂದರೆ ಅದು ಬೆವರು ಹೀರಿ ಮೈಗಂಟಿಕೊಂಡು ತಂಪು ಮಾಡುತ್ತದೆ. ಹಿಮದಲ್ಲಿ ಅದೇ ಗುಣ ಮುಳುವಾಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸಾಗಿಸುತ್ತದೆ. ಒದ್ದೆ ಬನಿಯನ್ ಮೇಲೆ ಎಂಥ ದುಬಾರಿ ಜಾಕೆಟ್ ಹಾಕಿದರೂ ಒಳಗಿನಿಂದ ಚಳಿ ಬಿಡುವುದಿಲ್ಲ. ಹೊರಗಿನ ಬಟ್ಟೆಯೆಲ್ಲ ಸರಿಯಾಗಿ ಆರಿಸಿ ಒಳಗೆ ಕಾಟನ್ ಬನಿಯನ್ನು, ಚಡ್ಡಿ ಹಾಕಿಕೊಳ್ಳುವವರು ತುಂಬ ಜನ. ಒಳಉಡುಪಿಗೂ ಇದೇ ನಿಯಮ.

ಉಣ್ಣೆಯ ಮಾತು ಬೇರೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಎಳೆದುಕೊಂಡರೂ ಅದು ಮೈಗೆ ಒದ್ದೆ ಎನಿಸುವುದಿಲ್ಲ. ಚಿತ್ರದುರ್ಗ, ಹಾವೇರಿ ಕಡೆಯ ಕುರುಬರು ಮಳೆಯಲ್ಲಿ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಕುರಿ ಕಾಯುವುದು ಇದೇ ಗುಣವನ್ನು ನಂಬಿ. ಬೆನ್ನ ಮೇಲೆ ದಿನಗಟ್ಟಲೆ ಹೊರಲು ಕಂಬಳಿ ಭಾರ, ಅಷ್ಟೆ. ತೆಳುವಾದ ಮೆರಿನೋ ಉಣ್ಣೆಯ ಬನಿಯನ್ ಕೊಳ್ಳುವ ಶಕ್ತಿಯಿದ್ದರೆ ಕೊಳ್ಳಿ, ಮೂರು ದಿನ ತೊಟ್ಟರೂ ವಾಸನೆ ಬರುವುದು ಕಡಿಮೆ. ಇಲ್ಲದಿದ್ದರೆ ಪಾಲಿಯೆಸ್ಟರೇ ಸಾಕು.

ನಿಂತಾಗಿನ ಗುಂಪು ಈ ಲೇಖನದ ಜೀವಾಳ. ಫ್ಲೀಸ್ ಒಂದು, ಡೌನ್ ಜಾಕೆಟ್ ಒಂದು, ಗಾಳಿ-ನೀರು ತಡೆಯುವ ಹೊರಜಾಕೆಟ್ ಒಂದು. ಮೂರೂ ಸೇರಿ ಸುಮಾರು ಒಂದು ಕೆ.ಜಿ. ಬೆಚ್ಚಗಿಡುವುದು ಬಟ್ಟೆಯ ದಪ್ಪವಲ್ಲ, ಅದರ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಬಾತುಕೋಳಿಯ ಮೃದು ತುಪ್ಪಳ ತುಂಬಿದ ಡೌನ್ ಜಾಕೆಟ್ 350–400 ಗ್ರಾಮಿನಲ್ಲಿ ಎರಡು ಮೂರು ಸ್ವೆಟರಿನ ಕೆಲಸ ಮಾಡುವುದು ಇದರಿಂದ. ಆದರೆ ಡೌನ್ ನೆನೆದರೆ ತುಪ್ಪಳ ಮುದ್ದೆಯಾಗಿ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಅದನ್ನು ಹಾಕಿಕೊಂಡು ಏರು ಹತ್ತಬಾರದು, ಬೀಳುವ ಹಿಮಕ್ಕೂ ನೇರವಾಗಿ ಒಡ್ಡಬಾರದು. ಪಾಲಿಯೆಸ್ಟರ್ ತುಂಬಿದ ಜಾಕೆಟ್ ಸ್ವಲ್ಪ ಹೆಚ್ಚು ತೂಗಿದರೂ ತೇವದಲ್ಲಿ ಕೈಕೊಡುವುದಿಲ್ಲ, ಬೆಲೆಯೂ ಕಡಿಮೆ. ವರ್ಷಕ್ಕೊಂದು ಚಾರಣ ಮಾಡುವವರಿಗೆ ಇದನ್ನೇ ಕೊಳ್ಳಿ ಎನ್ನುತ್ತೇನೆ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಫ್ಲೀಸಿನ ಮೇಲೆ ಡೌನ್, ಅದರ ಮೇಲೆ ಹೊರಜಾಕೆಟ್, ಮೂರನ್ನೂ ಅಂಗಡಿಯಲ್ಲೇ ಒಟ್ಟಿಗೆ ತೊಟ್ಟು ಎರಡೂ ಕೈ ಮೇಲೆತ್ತಿ. ಭುಜ ಬಿಗಿದರೆ ಹೊರಜಾಕೆಟ್ ಒಂದು ಸೈಜು ದೊಡ್ಡದು ಬೇಕು. ಬಿಗಿಯಾದ ಪದರ ಒಳಗಿನ ಡೌನನ್ನು ಒತ್ತಿ ಗಾಳಿ ಹಿಂಡಿಬಿಡುತ್ತದೆ. ಬೈಕಿಗೆ ಹಾಕುವ ದಪ್ಪ ರೇನ್‌ಕೋಟು ಇಲ್ಲಿ ನಡೆಯದು. ಒಳಗಿನ ಬೆವರು ಹೊರಹೋಗಲು ಅದರಲ್ಲಿ ದಾರಿಯೇ ಇಲ್ಲ. ಕಂಕುಳಲ್ಲಿ ಜಿಪ್ಪಿರುವ ಜಾಕೆಟ್ ಸಿಕ್ಕಿದರೆ ಒಳ್ಳೆಯದು. ಕಾಲಿಗೆ ತೆಳುವಾದ ಜಲನಿರೋಧಕ ಪ್ಯಾಂಟು ಒಂದಿರಲಿ, ಹಿಮದ ಮೇಲೆ ಕೂರದೆ, ಜಾರದೆ ಯಾರೂ ವಾಪಸು ಬರುವುದಿಲ್ಲ.

ಮಲಗುವ ಗುಂಪು ಚಿಕ್ಕದು: ಥರ್ಮಲ್ ಒಂದು ಜೊತೆ, ದಪ್ಪ ಉಣ್ಣೆಯ ಕಾಲುಚೀಲ ಒಂದು ಜೊತೆ, ತೆಳು ಟೊಪ್ಪಿ. ಇವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿಬಿಡಿ. ಟೆಂಟಿನೊಳಗಲ್ಲದೆ ಎಲ್ಲೂ ಬಿಚ್ಚಬಾರದು. ಏನೇ ನೆನೆದರೂ ಇದೊಂದು ಒಣಗಿದ್ದರೆ ರಾತ್ರಿ ಕಳೆಯುತ್ತದೆ.

ಶಿಖರಕ್ಕೆ ಹೊರಡುವ ಹಿಂದಿನ ರಾತ್ರಿ ಮಾತ್ರ ಬೇರೆ ಕ್ರಮ. ಸೂರ್ಯೋದಯಕ್ಕೆ ಮೇಲಿರಬೇಕೆಂದು ನಸುಕಿನ ಮೂರರ ಸುಮಾರಿಗೆ ನಡಿಗೆ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಬಟ್ಟೆ ಬಿಚ್ಚಿ ಬದಲಿಸುವುದು ಹಿಂಸೆ. ಆದ್ದರಿಂದ ಮರುದಿನ ನಡೆಯಲಿರುವ ಒಣ ಟೀಶರ್ಟು, ಅದರ ಕೆಳಗೆ ಎರಡನೇ ಥರ್ಮಲ್ ಪ್ಯಾಂಟು ಹಾಕಿಕೊಂಡೇ ಮಲಗಿ. ಥರ್ಮಲ್ ಪ್ಯಾಂಟು ಎರಡು ಬೇಕಾಗುವುದು ಈ ಒಂದು ಬೆಳಗಿಗಾಗಿ.

ಕಾಲು, ಕೈ, ಕಣ್ಣು

ಬೂಟು ಹೊಸದಾಗಿದ್ದರೆ ಕನಿಷ್ಠ ಒಂದು ತಿಂಗಳು ಮೊದಲೇ ಕೊಂಡು ದಿನಾ ಮೆಟ್ಟಿಲು ಹತ್ತಿ. ಸಾವನದುರ್ಗವನ್ನೋ ಸ್ಕಂದಗಿರಿಯನ್ನೋ ಅದೇ ಬೂಟಿನಲ್ಲಿ ಹತ್ತಿಳಿದರೆ ಎಲ್ಲಿ ಉಜ್ಜುತ್ತದೆ ಎಂದು ಗೊತ್ತಾಗುತ್ತದೆ. ದಪ್ಪ ಕಾಲುಚೀಲ ಹಾಕಿಯೇ ಅಳತೆ ನೋಡಿ, ಸಂಜೆ ಹೊತ್ತು ನೋಡಿ, ಬೆರಳು ಒಳಗೆ ಆಡುವಂತಿರಲಿ. ಬೆಚ್ಚಗಿರಲೆಂದು ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿ ಮಾಡಿಕೊಂಡರೆ ರಕ್ತ ಸರಿಯಾಗಿ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ನಡೆಯಲು ಮೂರು ಜೊತೆ ಕಾಲುಚೀಲ ಇರಲಿ. ಬೂಟಿನೊಳಗೆ ಹಿಮ ನುಗ್ಗದಂತೆ ಕಾಲಿಗೆ ಸುತ್ತುವ ಗೇಟರ್, ಜಾರದಂತೆ ಬೂಟಿನಡಿಗೆ ಕಟ್ಟುವ ಮೈಕ್ರೋಸ್ಪೈಕ್, ಊರುಗೋಲು ಇವೆಲ್ಲ ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಬೆಂಗಳೂರಿನಿಂದ ಹೊರುವ ಅಗತ್ಯವಿಲ್ಲ.

ಕೈಗೆ ಒಂದು ದಪ್ಪ ಗ್ಲೌಸಿಗಿಂತ ಎರಡು ಪದರ ಮೇಲು: ಒಳಗೆ ತೆಳು ಫ್ಲೀಸಿನದು, ಹೊರಗೆ ನೀರು ತಡೆಯುವಂಥದು. ಬೂಟಿನ ದಾರ ಕಟ್ಟುವಾಗ, ಫೋಟೊ ತೆಗೆಯುವಾಗ ಹೊರಗಿನದನ್ನಷ್ಟೇ ಕಳಚಿದರೆ ಸಾಕು. ಬರಿಗೈ ಆದರೆ ಮತ್ತೆ ಬೆಚ್ಚಗಾಗಲು ಬಹಳ ಹೊತ್ತು ಹಿಡಿಯುತ್ತದೆ.

ತಂಪು ಕನ್ನಡಕವನ್ನು ಷೋಕಿ ಎಂದು ಬಿಟ್ಟುಹೋಗಬೇಡಿ. ಹೊಸ ಹಿಮ ನೇರಳಾತೀತ ಕಿರಣಗಳ ಶೇ 80ರವರೆಗೂ ಮೇಲಕ್ಕೆ ಚಿಮ್ಮಿಸುತ್ತದೆ. ಕನ್ನಡಕವಿಲ್ಲದೆ ದಿನವಿಡೀ ನಡೆದರೆ ರಾತ್ರಿ ಕಣ್ಣಿಗೆ ಮರಳು ಹಾಕಿದಂತೆ ಉರಿ, ನೀರು. ಅದೇ ಹಿಮಗುರುಡು. ಯುವಿ 400 ಎಂದು ಬರೆದಿರುವ, ಪಕ್ಕದಿಂದ ಬೆಳಕು ನುಸುಳದ ಕನ್ನಡಕ ಇರಲಿ. ಸನ್‌ಸ್ಕ್ರೀನನ್ನು ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಬೇಕು, ಅಲ್ಲಿ ಬೆಳಕು ಕೆಳಗಿನಿಂದ ಬರುತ್ತದೆ. ತುಟಿ, ಕೈ ಒಡೆಯದಿರಲು ಕೊಬ್ಬರಿ ಎಣ್ಣೆ ಒಯ್ಯುವವರಿಗೆ ಒಂದು ಮಾತು: ಅದು 24 ಡಿಗ್ರಿಯ ಸುಮಾರಿಗೇ ಗಟ್ಟಿಯಾಗುತ್ತದೆ, ಅಲ್ಲಿ ಬಾಟಲಿಯಿಂದ ಹನಿಯೂ ಬರುವುದಿಲ್ಲ. ವ್ಯಾಸಲೀನಿನ ಪುಟ್ಟ ಡಬ್ಬಿ ಸಾಕು.

ನಿದ್ದೆಯ ವ್ಯವಸ್ಥೆ

ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ತೆಗೆದುಕೊಳ್ಳುವಾಗ ಅದರ ಪಟ್ಟಿ ಓದಿ. ಮೂರು ಉಷ್ಣಾಂಶ ಬರೆದಿರುತ್ತಾರೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಎಕ್ಸ್‌ಟ್ರೀಮ್ ಎಂದರೆ ಜೀವ ಉಳಿಯಬಹುದು ಎನ್ನುವ ಅಂಕಿ, ಅದಕ್ಕೂ ನಿದ್ದೆಗೂ ಸಂಬಂಧವಿಲ್ಲ. ಅಂಗಡಿಯಲ್ಲಿ ‘ಮೈನಸ್ 10 ಬ್ಯಾಗು ಸಾರ್’ ಎಂದು ಕೊಡುವಾಗ ಅದು ಯಾವ ಅಂಕಿ ಎಂದು ಕೇಳಿ. ನಿಮಗೆ ಬೇಕಾದದ್ದು ಕಂಫರ್ಟ್ ಮೈನಸ್ 10. ಕರೆದೊಯ್ಯುವವರು ಕೊಡುವ ಬ್ಯಾಗಾದರೂ ಈ ಪ್ರಶ್ನೆಯನ್ನು ಹಣ ಕಟ್ಟುವ ಮೊದಲೇ ಕೇಳಿರಿ.

ಬ್ಯಾಗಿನಷ್ಟೇ ಮುಖ್ಯ ಕೆಳಗಿನ ಹಾಸು. ನಿಮ್ಮ ಭಾರಕ್ಕೆ ಬೆನ್ನಡಿಯಲ್ಲಿ ಬ್ಯಾಗಿನೊಳಗೆ ತುಂಬಿರುವುದೆಲ್ಲ ಒತ್ತಿಹೋಗಿ ಹಿಮದ ಥಂಡಿ ನೇರ ಮೈಗೆ ಏರುತ್ತದೆ. ಫೋಮ್ ಹಾಸು ಎರಡು ಕೇಳಿ ಪಡೆದು ಒಂದರ ಮೇಲೊಂದು ಹಾಕಿಕೊಳ್ಳಿ. ಚಳಿ ಎನಿಸಿದರೆ ನಮ್ಮವರು ಮೇಲೆ ಹೊದೆಯಲು ಇನ್ನೊಂದು ಹುಡುಕುತ್ತಾರೆ, ಹಿಮದಲ್ಲಿ ಮೊದಲು ಕೆಳಗೆ ಹಾಸಬೇಕು.

ಮಲಗುವ ಮುನ್ನ ಬಿಸಿನೀರು ತುಂಬಿದ ಗಟ್ಟಿ ಬಾಟಲಿಯನ್ನು ಕಾಲುಚೀಲದೊಳಗೆ ತೂರಿಸಿ ಪಾದದ ಹತ್ತಿರ ಇಟ್ಟುಕೊಳ್ಳಿ. ಬೆಳಿಗ್ಗೆ ಅದೇ ಕುಡಿಯುವ ನೀರು. ಮುಚ್ಚಳ ಸೋರದಂಥ ಬಾಟಲಿಯೇ ಆಗಬೇಕು, ಮಿನರಲ್ ವಾಟರಿನ ಬಾಟಲಿಗೆ ಬಿಸಿನೀರು ಹಾಕಿದರೆ ಮುದುಡಿಹೋಗುತ್ತದೆ. ಮುಖವನ್ನು ಬ್ಯಾಗಿನೊಳಗೆ ಎಳೆದುಕೊಂಡು ಮಲಗಬೇಡಿ, ಉಸಿರಿನ ತೇವ ಬ್ಯಾಗಿನೊಳಗೆ ತುಂಬಿರುವುದಕ್ಕೆ ಇಳಿಯುತ್ತದೆ. ಮೂತ್ರಕ್ಕೆ ಹೋಗಬೇಕೆನಿಸಿದರೆ ತಡೆದು ಒದ್ದಾಡದೆ ಎದ್ದು ಹೋಗಿಬನ್ನಿ.

ನೀರು, ಬುತ್ತಿ, ಬ್ಯಾಟರಿ, ಔಷಧಿ

ಒಂದು ಲೀಟರಿನ ಬಾಟಲಿ ಎರಡು, ಅದರಲ್ಲಿ ಒಂದು ಫ್ಲಾಸ್ಕ್. ಕೊಳವೆಯಿಂದ ಹೀರುವ ನೀರಿನ ಚೀಲ ಇಲ್ಲಿ ಕೆಲಸಕ್ಕೆ ಬಾರದು, ಕೊಳವೆಯಲ್ಲೇ ನೀರು ಗಡ್ಡೆ ಕಟ್ಟುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಮುಚ್ಚಳದ ಬಾಯಿ ಬೇಗ ಹೆಪ್ಪುಗಟ್ಟುವುದಿಲ್ಲ, ಏಕೆಂದರೆ ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತಾ ಬರುತ್ತದೆ.

ಊಟ ಕ್ಯಾಂಪಿನಲ್ಲಿ ಸಿಗುವುದರಿಂದ ದಾರಿಯ ತಿನಿಸಷ್ಟೇ ಬೇಕು. ದಿನಕ್ಕೆ 100 ಗ್ರಾಂ ಲೆಕ್ಕ ಹಾಕಿಕೊಳ್ಳಿ. ಕಡಲೆಕಾಯಿ ಚಿಕ್ಕಿ, ಹುರಿದ ಶೇಂಗಾ, ಒಣದ್ರಾಕ್ಷಿ, ಎಳ್ಳುಂಡೆ ಇವಕ್ಕಿಂತ ಒಳ್ಳೆಯದನ್ನು ಹೊರದೇಶದ ಪೊಟ್ಟಣದಲ್ಲಿ ಹುಡುಕಬೇಕಿಲ್ಲ. ನೂರು ಗ್ರಾಂ ಶೇಂಗಾದಲ್ಲಿ 550 ಕ್ಯಾಲರಿಗೂ ಮೀರಿ ಇದೆ. ಚಾಕೊಲೇಟ್ ಬಾರು ಚಳಿಗೆ ಕಲ್ಲಾಗುತ್ತದೆ, ಜೇಬಿನಲ್ಲಿ ಮೈಗಂಟಿಸಿ ಇಟ್ಟರೆ ಮಾತ್ರ ಕಚ್ಚಬಹುದು. ಜೊತೆಗೆ ಚಟ್ನಿಪುಡಿಯ ಚಿಕ್ಕ ಪೊಟ್ಟಣ ಇರಲಿ. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆಗ 50 ಗ್ರಾಂ ಚಟ್ನಿಪುಡಿ ಮಾಡುವ ಉಪಕಾರ ದೊಡ್ಡದು, ಅದರ ತೂಕವನ್ನು ನಾನು ಹೊರೆಯಲ್ಲಿ ಲೆಕ್ಕ ಹಿಡಿಯುವುದೇ ಇಲ್ಲ.

ಚಳಿಗೆ ಒಳ್ಳೆಯದೆಂದು ರಮ್ ಬಾಟಲಿ ಒಯ್ಯುವವರಿಗೆ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅದಕ್ಕೇ ಬಿಸಿ ಎನಿಸುವುದು. ನಿಜವಾಗಿ ಆಗ ಒಳಗಿನ ಶಾಖ ಹೊರಗೆ ಹರಿದುಹೋಗುತ್ತಿರುತ್ತದೆ. ಎತ್ತರದಲ್ಲಿ ಇದು ಅಪಾಯ. ಬಾಟಲಿಯನ್ನು ಬಿಟ್ಟೇ ಹೋಗಿ.

ಲಿಥಿಯಂ ಬ್ಯಾಟರಿ ಚಳಿಯಲ್ಲಿ ಬೇಗ ಸೋಲುತ್ತದೆ. ಫೋನು, ಪವರ್ ಬ್ಯಾಂಕು, ತಲೆಗೆ ಕಟ್ಟುವ ಟಾರ್ಚು ಮೂರನ್ನೂ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಹತ್ತು ಸಾವಿರ ಎಂಎಎಚ್ ಪವರ್ ಬ್ಯಾಂಕ್ ಒಂದು ಸಾಕು. ಡಿಎಸ್‌ಎಲ್‌ಆರ್ ಕ್ಯಾಮೆರಾ ಲೆನ್ಸೂ ಸೇರಿ ಒಂದೂವರೆ ಕೆ.ಜಿ. ಮುಟ್ಟುತ್ತದೆ. ಅದನ್ನು ಒಯ್ಯುವುದು ಬಿಡುವುದು ನಿಮ್ಮ ಪ್ರೀತಿಗೆ ಬಿಟ್ಟದ್ದು, ಒಯ್ದರೆ ಬೇರೆ ಯಾವುದರಲ್ಲಾದರೂ ಅಷ್ಟು ತೂಕ ತೆಗೆಯಿರಿ.

ಔಷಧಿಯಲ್ಲಿ ಪ್ಯಾರಸಿಟಮಾಲ್, ಓಆರ್‌ಎಸ್, ಬೊಬ್ಬೆಗೆ ಪಟ್ಟಿ, ನೀವು ದಿನಾ ತೆಗೆದುಕೊಳ್ಳುವ ಮಾತ್ರೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಎನ್ನುವುದನ್ನು ಊರಿನಲ್ಲೇ ವೈದ್ಯರ ಹತ್ತಿರ ಕೇಳಿಕೊಂಡು ಹೊರಡಿ. 12,500 ಅಡಿಯಲ್ಲಿ ಎತ್ತರದ ಕಾಯಿಲೆ ಬರಬಹುದು. ತಲೆನೋವಿನ ಜೊತೆ ವಾಂತಿ, ತೂರಾಡುವ ನಡಿಗೆ ಕಂಡರೆ ಅದಕ್ಕೆ ಮದ್ದು ಕೆಳಗಿಳಿಯುವುದು, ಇನ್ನೊಂದು ಜಾಕೆಟ್ ಅಲ್ಲ. ಮುಟ್ಟಿನ ದಿನ ಇಲ್ಲದಿದ್ದರೂ ಪ್ಯಾಡು ಅಥವಾ ಕಪ್ ಇಟ್ಟುಕೊಳ್ಳಿ, ಎತ್ತರಕ್ಕೂ ದಣಿವಿಗೂ ದಿನಗಳು ಏರುಪೇರಾಗುವುದುಂಟು. ಬಳಸಿದ್ದನ್ನು ಹಾಕಲು ಕಪ್ಪು ಜಿಪ್ ಚೀಲ ಬೇಕು. ಅದನ್ನು ಸಾಂಕ್ರಿಯವರೆಗೆ ವಾಪಸ್ ತರಬೇಕು, ಹಿಮದಲ್ಲಿ ಹೂತದ್ದು ಬೇಸಿಗೆಗೆ ಮೇಲೇಳುತ್ತದೆ.

ಚೀಲದೊಳಗೆ ಜೋಡಿಸುವ ಕ್ರಮ

ಚೀಲದ ಒಳಗೆ ಮೊದಲು ಒಂದು ದೊಡ್ಡ, ಗಟ್ಟಿ ಕಸದ ಚೀಲ ಹಾಸಿ. ಹೊರಗಿನ ರೇನ್‌ಕವರ್ ಗಾಳಿಗೆ ಹಾರುತ್ತದೆ, ಬೆನ್ನಿನ ಕಡೆಯಿಂದ ನೀರು ನುಗ್ಗುತ್ತದೆ. ಒಳಗಿನ ಈ ಚೀಲ ಮೋಸ ಮಾಡುವುದಿಲ್ಲ. ತಳದಲ್ಲಿ ಮಲಗುವ ಗುಂಪು. ಅದರ ಮೇಲೆ ಬದಲಿ ಬಟ್ಟೆ. ಭಾರದ್ದು ನಡುವೆ, ಬೆನ್ನಿಗೆ ಅಂಟಿಕೊಂಡಂತೆ. ದೂರಕ್ಕೆ ಹೋದಷ್ಟೂ ಭಾರ ಹಿಂದಕ್ಕೆ ಎಳೆಯುತ್ತದೆ. ಎಲ್ಲಕ್ಕಿಂತ ಮೇಲೆ ಡೌನ್ ಜಾಕೆಟ್. ಚೀಲದ ಬಾಯಿ ತೆರೆದ ಅರ್ಧ ನಿಮಿಷದಲ್ಲಿ ಅದು ಮೈಮೇಲೆ ಇರಬೇಕು. ತಲೆಯ ಜೇಬಿನಲ್ಲಿ ಗ್ಲೌಸು, ಟೊಪ್ಪಿ, ಟಾರ್ಚು. ಸೊಂಟದ ಜೇಬಿನಲ್ಲಿ ಚಿಕ್ಕಿ, ಸನ್‌ಸ್ಕ್ರೀನು. ಕಟ್ಟಿದ ಮೇಲೆ ಅದನ್ನು ಹೊತ್ತು ಒಂದು ಗಂಟೆ ಹತ್ತಿಳಿಯಿರಿ, ಭಾರ ಸೊಂಟದ ಪಟ್ಟಿಯ ಮೇಲೆ ಕೂರದೆ ಭುಜ ಎಳೆಯುತ್ತಿದ್ದರೆ ಪಟ್ಟಿಗಳನ್ನು ಅಲ್ಲೇ ಸರಿ ಮಾಡಿಕೊಳ್ಳಿ.

ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಊರುಗೋಲನ್ನು ಲಗೇಜಿಗೆ ಹಾಕಬೇಕು. ಗ್ಯಾಸ್ ಕ್ಯಾನಿಸ್ಟರ್‌ಗೆ ಎರಡರಲ್ಲೂ ಜಾಗವಿಲ್ಲ. ಬೂಟನ್ನು ಕಾಲಲ್ಲೇ ಹಾಕಿಕೊಂಡು ಹೋಗಿ. ಲಗೇಜು ತಡವಾದರೂ ಮಿಕ್ಕಿದ್ದೆಲ್ಲ ಡೆಹ್ರಾಡೂನಿನಲ್ಲಿ ಸಿಗುತ್ತದೆ, ನಿಮ್ಮ ಕಾಲಿಗೆ ಹೊಂದಿಕೊಂಡ ಬೂಟು ಸಿಗದು. ಊರಿಗೆ ಮರಳುವಾಗಿನ ಬಟ್ಟೆ, ಚಪ್ಪಲಿ, ಸೋಪು ಎಲ್ಲವನ್ನೂ ಪ್ರತ್ಯೇಕ ಚೀಲ ಮಾಡಿ ಸಾಂಕ್ರಿಯಲ್ಲಿ ತಂಗಿದ ಮನೆಯಲ್ಲೇ ಬಿಟ್ಟು ಹತ್ತಿ.

ದಾರಿಯಲ್ಲಿ ಬಳಸುವುದು

ಕಟ್ಟಿದ್ದು ಸರಿಯಿದ್ದರೂ ಬಳಸುವ ಹೊತ್ತು ತಪ್ಪಿದರೆ ಎಲ್ಲ ವ್ಯರ್ಥ. ಬೆಳಿಗ್ಗೆ ಹೊರಡುವಾಗ ಸ್ವಲ್ಪ ಚಳಿ ಎನಿಸುವಂತೆಯೇ ಹೊರಡಿ. ಫ್ಲೀಸನ್ನು ಹತ್ತು ನಿಮಿಷದೊಳಗೆ ಹೇಗೂ ಬಿಚ್ಚಬೇಕಾಗುತ್ತದೆ. ಬೆವರು ಮೂಡುವ ಮೊದಲೇ ಬಿಚ್ಚಿ, ಮೂಡಿದ ಮೇಲೆ ಅಲ್ಲ. ಜೊತೆಯವರು ಮುಂದೆ ಹೋಗುತ್ತಾರೆಂದು ಸಂಕೋಚ ಬೇಡ.

ನಿಂತ ಕೂಡಲೇ, ನೀರು ಕುಡಿಯುವ ಮೊದಲೇ, ಡೌನ್ ಜಾಕೆಟ್ ಮೈಮೇಲೆ ಬರಲಿ. ಕ್ಯಾಂಪ್ ತಲುಪಿದಾಗ ಮೊದಲ ಕೆಲಸ ಚಹಾ ಅಲ್ಲ, ಫೋಟೊನೂ ಅಲ್ಲ. ಟೆಂಟಿನೊಳಗೆ ಹೋಗಿ ಬೆವರಿದ ಟೀಶರ್ಟು, ಕಾಲುಚೀಲ ತೆಗೆದು ಒಣಗಿದ್ದನ್ನು ಹಾಕಿಕೊಳ್ಳಿ. ಒದ್ದೆ ಕಾಲುಚೀಲವನ್ನು ರಾತ್ರಿ ಹೊಟ್ಟೆಯ ಮೇಲೆ, ಥರ್ಮಲ್ಲಿನ ಹೊರಗೆ ಇಟ್ಟು ಮಲಗಿದರೆ ಬೆಳಿಗ್ಗೆಗೆ ಬಹುಪಾಲು ಒಣಗಿರುತ್ತದೆ. ಹೊರಗೆ ನೇತುಹಾಕಿದ್ದು ಹಪ್ಪಳದಂತೆ ಸೆಟೆದಿರುತ್ತದೆ. ಬೂಟನ್ನು ಟೆಂಟಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಇಡಿ, ದಾರ ಸಡಿಲಿಸಿ ಬಾಯಿ ಅಗಲಿಸಿ ಇಡಿ. ಹೆಪ್ಪುಗಟ್ಟಿದರೂ ಕಾಲು ತೂರಿಸಲು ಆಗುತ್ತದೆ.

ಗುಂಪಿನಲ್ಲಿ ಯಾರಾದರೂ ನಡುಗುತ್ತಾ ಮಾತು ತೊದಲಿದರೆ, ಗುಂಡಿ ಹಾಕಲು ಬೆರಳು ಕೇಳದಿದ್ದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಗಾಳಿಯಿಲ್ಲದ ಕಡೆ ಕರೆದೊಯ್ದು ಒದ್ದೆ ಬಟ್ಟೆ ಬಿಚ್ಚಿಸಿ, ಒಣಬಟ್ಟೆ ಹಾಕಿಸಿ, ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿ, ಎಚ್ಚರವಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ತಕ್ಷಣ ಮಾರ್ಗದರ್ಶಕರಿಗೆ ತಿಳಿಸಿ. ನಿಮ್ಮ ಚೀಲದ ತಳದಲ್ಲಿ ಮುಚ್ಚಿಟ್ಟ ಆ ಒಣ ಥರ್ಮಲ್ ಜೊತೆ ಅಂಥ ಹೊತ್ತಿನಲ್ಲಿ ಅವರಿಗೇ ಹೋಗಲಿ.

ಊರಿಗೆ ಬಂದ ಮೇಲೆ ಸ್ವಂತದ ಡೌನ್ ಜಾಕೆಟ್ಟನ್ನಾಗಲಿ ಸ್ಲೀಪಿಂಗ್ ಬ್ಯಾಗನ್ನಾಗಲಿ ಚಿಕ್ಕ ಚೀಲದಲ್ಲಿ ಒತ್ತಿ ಇಡಬೇಡಿ, ತುಪ್ಪಳ ಮತ್ತೆ ಉಬ್ಬುವುದಿಲ್ಲ. ನೆರಳಲ್ಲಿ ಗಾಳಿಗೆ ಆರಿಸಿ ಬೀರುವಿನಲ್ಲಿ ಸಡಿಲವಾಗಿ ತೂಗುಹಾಕಿ. ತೂಕ ಬರೆದ ಚೀಟಿಯನ್ನೂ ತೆಗೆದು ನೋಡಿ, ಚೀಲದಿಂದ ಒಮ್ಮೆಯೂ ಹೊರಬಾರದ ವಸ್ತುಗಳ ಮುಂದೆ ಗುರುತು ಹಾಕಿ. ಔಷಧಿ, ಮಳೆಪ್ಯಾಂಟು ಬಿಟ್ಟು ಉಳಿದ ಗುರುತಿನವೆಲ್ಲ ಮುಂದಿನ ಸಲ ಮನೆಯಲ್ಲೇ ಇರಲಿ.